ನಾಲೆ ಏರಿಯ ತಡೆಗೋಡೆ

ನಾಗಮಂಗಲ
11 ಆಗಸ್ಟ್ 2024

ರಮ್ಯ,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಪೇಪರಿನಲ್ಲಿ ನೋಡಿದೆ. ಕ್ರೇನಿನಲ್ಲಿ ನೇತಾಡುತ್ತಿರುವ ಕಾರಿನ ಫೋಟೊ, ಮೇಲೆ ‘ನಾಲೆಗೆ ಉರುಳಿದ ಕಾರು: ಗ್ರಾಮ ಪಂಚಾಯಿತಿ ಸದಸ್ಯ ಸಾವು’. ಶಿವಶಂಕರ್ ಎಂಬ ಹೆಸರು ಓದಿದರೂ ನಿನ್ನ ಗಂಡ ಎಂದು ಹೊಳೆಯಲಿಲ್ಲ. ಹೊಸಕೊಪ್ಪಲು ಎಂದು ಓದಿದ ಮೇಲೆ ಹೊಳೆಯಿತು. ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಎಂಟನೇ ಕ್ಲಾಸಿಗೆ ಪಾಠ ಇತ್ತು, ಹೋಗಿ ಮಾಡಿದೆ. ಏನು ಹೇಳಿಕೊಟ್ಟೆನೋ ಗೊತ್ತಿಲ್ಲ.

ನಿನ್ನ ಹಳೆಯ ನಂಬರಿಗೆ ಫೋನ್ ಮಾಡಿದೆ. ಗಂಡು ದನಿ. “ನಾನ್ ಸಂತೋಷ್ ಮಾತಾಡ್ತಿರೋದು, ಅವ್ರ ಮೈದುನ. ಅತ್ಗೆ ಯಾರ ಜೊತೇಲೂ ಮಾತಾಡ್ತಿಲ್ಲ. ಏನಿದ್ರೂ ನನ್ ತಾವೇ ಯೋಳಿ” ಎಂದರು. ಅವರ ಹತ್ತಿರ ಹೇಳುವುದು ನನಗೇನೂ ಇರಲಿಲ್ಲ. ಇಟ್ಟುಬಿಟ್ಟೆ.

ಮೂರನೇ ದಿನ ನಿಮ್ಮೂರಿಗೆ ಬಂದಿದ್ದೆ. ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ ನಿಮ್ಮೂರ ಸ್ಟಾಪಿನಲ್ಲಿ ಇಳಿದೆ. ಅಲ್ಲಿಂದಲೇ ಮನೆ ಮುಂದಿನ ಶಾಮಿಯಾನ ಕಾಣುತ್ತಿತ್ತು. ಸ್ವಲ್ಪ ಹೊತ್ತು ನಿಂತಿದ್ದು, ಅದೇ ಬಸ್ಸು ವಾಪಸ್ಸು ಬಂದಾಗ ಹತ್ತಿಕೊಂಡೆ. ಯಾಕೆ ಎಂದು ನಿನಗೆ ಗೊತ್ತು. ಹಿಂದೊಮ್ಮೆ ಬಂದಾಗ ಜಗಲಿಯವರೆಗೆ ಬಂದಿದ್ದೆ. ಪೇಪರ್ ಲೋಟದಲ್ಲಿ ಕಾಫಿ ಕುಡಿದು ಎದ್ದು ಹೋಗಿದ್ದೆ. ಆ ಮಾತು ಈಗ ಬೇಡ.

ಶ್ರೀರಂಗಪಟ್ಟಣದ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿ ಮಲಗಿದವರು ನಾವು. ಇಷ್ಟು ವರ್ಷ ಮಾತು ಬಿಟ್ಟವರೂ ನಾವೇ. ಕಾಗದವಾದರೆ ನಿನ್ನ ಕೈಗೇ ಬರಬಹುದು ಎಂದು ಬರೆಯುತ್ತಿದ್ದೇನೆ. ಬರೆಯಬೇಕು ಅನ್ನಿಸಿದರೆ ಬರೆ. ಅನ್ನಿಸದಿದ್ದರೆ ಬೇಡ.

ಸ್ನೇಹ


ಹೊಸಕೊಪ್ಪಲು
8 ಸೆಪ್ಟೆಂಬರ್ 2024

ಸ್ನೇಹ,

ನಿನ್ನ ಕಾಗದವನ್ನು ಪೋಸ್ಟಿನ ದಾಸಯ್ಯ ಕೊಟ್ಟಿಗೆಯ ತನಕ ಬಂದು ನನ್ನ ಕೈಗೇ ಕೊಟ್ಟ. ಸಗಣಿ ಕೈಯಲ್ಲೇ ಇಸಿದುಕೊಂಡೆ. ಮೂಲೆಯಲ್ಲಿ ಕಲೆಯಾಗಿದೆ.

ಅವತ್ತು ಅವರು ಕೆ.ಆರ್. ಪೇಟೆಯಲ್ಲಿ ನೆಂಟರ ಗೃಹಪ್ರವೇಶ ಮುಗಿಸಿ ಬರುತ್ತಿದ್ದರು. ನಾನೂ ಹೋಗಬೇಕಿತ್ತು. ಚಿನ್ನುವಿಗೆ ಜ್ವರ ಎಂದು ಉಳಿದುಕೊಂಡೆ. ಚಿನ್ನು ನನ್ನ ಮಗಳು, ಮೂರನೇ ಕ್ಲಾಸು, ನೀನು ನೋಡಿಲ್ಲ. ಡೈರಿಗೆ ಹಾಲು ಹಾಕುವ ಹೊತ್ತು. ನಮ್ಮೂರಿಗೆ ಬರುವ ರಸ್ತೆ ನಾಲೆ ಏರಿಯ ಮೇಲೆಯೇ ಬರುತ್ತದೆ, ತೂಬಿನ ಹತ್ತಿರ ಒಂದು ತಿರುವು. ಒಂದು ಪಕ್ಕ ಗದ್ದೆ, ಇನ್ನೊಂದು ಪಕ್ಕ ತುಂಬಿದ ನಾಲೆ. ನಡುವೆ ತಡೆಗೋಡೆ ಇಲ್ಲ, ಒಂದು ಕಲ್ಲೂ ನೆಟ್ಟಿಲ್ಲ. ಎದುರಿಗೆ ಲಾರಿ ಬಂತಂತೆ. ಇವರು ಪಕ್ಕಕ್ಕೆ ತೆಗೆದರಂತೆ. ಎಲ್ಲಕ್ಕೂ ‘ಅಂತೆ’ ಎಂದೇ ಬರೆಯಬೇಕು, ನೋಡಿದವರಿಲ್ಲ. ಮಾರನೆಯ ದಿನ ನೀರು ಕಡಿಮೆ ಮಾಡಿಸಿ ಕಾರು ಎತ್ತಿದರು. ನಾನು ಏರಿಯ ಮೇಲೆ ನಿಂತಿದ್ದೆ. ಬಾಗಿಲಿನಿಂದ ನೀರು ಸುರಿಯುತ್ತಲೇ ಇತ್ತು.

ನನಗೆ ಅಳು ಬರಲಿಲ್ಲ. ಊರಿನವರೆಲ್ಲ ಅದಕ್ಕೇ ಕಾಯುತ್ತಿದ್ದರು. ಅತ್ತೆ ಬೆನ್ನು ಸವರಿ, “ಅತ್ಬುಡವ್ವಾ, ಒಳಗಿಟ್ಕಂಡ್ರೆ ಎದೆ ಒಡ್ದೋಯ್ತದೆ” ಎಂದರು. ನನ್ನ ಎದೆ ಒಡೆಯಲಿಲ್ಲ. ಹಸು ಕರೆಯುತ್ತೇನೆ, ಬಟ್ಟೆ ಒಗೆಯುತ್ತೇನೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ನಮ್ಮದಲ್ಲ ಅನ್ನಿಸುತ್ತದಲ್ಲ, ಮೈಯೆಲ್ಲ ಹಾಗಾಗಿದೆ.

ಫೋನು ಸಂತೋಷನ ಹತ್ತಿರವೇ ಇದೆ. ವಿಮೆಯವರು, ಪೊಲೀಸರು, ಪಾರ್ಟಿಯವರು ಮಾಡುತ್ತಿರುತ್ತಾರೆ, ಅತ್ಗೆಗೆ ಯಾಕೆ ತೊಂದರೆ ಎಂದು ಅವನೇ ಇಟ್ಟುಕೊಂಡಿದ್ದಾನೆ. ನೀನು ಬರೆದರೆ ನಾನೂ ಬರೆಯುತ್ತೇನೆ.

ರಮ್ಯ


ಹೊಸಕೊಪ್ಪಲು
1 ಡಿಸೆಂಬರ್ 2024

ಸ್ನೇಹ,

ನಾನು ಮೆಂಬರ್ ಆಗಿದ್ದೇನೆ. ಹೇಗಾಯಿತು ಎಂದು ಬರೆಯುತ್ತೇನೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಮಾವ ರಂಗಸ್ವಾಮಿ, ಸಂತೋಷ, ಊರಿನ ಹಿರಿಯರಾದ ಪುಟ್ಟಸ್ವಾಮಿ ಹಜಾರದಲ್ಲಿ ಕೂತು ನನ್ನನ್ನು ಕರೆದರು.

“ಶಿವಶಂಕರನ ಸೀಟು ಖಾಲಿ ಅದೆ ಕವ್ವಾ. ಬೈ ಎಲೆಕ್ಷನ್ ಬಂದದೆ. ನೀನ್ ನಿಂತ್ಕಂಡ್ರೆ ಎದುರ್ಗೆ ಯಾರೂ ನಿಲ್ಲಾಕಿಲ್ಲ” ಎಂದರು ಪುಟ್ಟಸ್ವಾಮಿ.

“ನನಗೆ ಅದೆಲ್ಲ ಗೊತ್ತಾಗಲ್ಲ” ಎಂದೆ.

“ನಿಮ್ಗೇನ್ ಗೊತ್ತಾಗ್ಬೇಕಾಗದೆ ಅತ್ಗೆ?” ಎಂದ ಸಂತೋಷ. “ಎಲ್ಲಾ ನಾನ್ ನೋಡ್ಕತೀನಿ. ನೀವು ಸೈನ್ ಆಕುದ್ರೆ ಆಯ್ತು.”

ಅವನೇ ನಿಲ್ಲಬಹುದಿತ್ತು. ಆದರೆ ಅವನು ಕಂಟ್ರಾಕ್ಟರು, ಮೆಂಬರ್ ಆದರೆ ಪಂಚಾಯಿತಿ ಕೆಲಸ ಹಿಡಿಯುವಂತಿಲ್ಲ. ಮಾವ ನೆಲ ನೋಡುತ್ತಿದ್ದರು. ನಾನು ಆಗಲಿ ಎಂದೆ. ಬೇಡ ಎನ್ನುವುದಕ್ಕೂ ಒಂದಿಷ್ಟು ಶಕ್ತಿ ಬೇಕಲ್ಲ.

ಫ್ಲೆಕ್ಸಿಗೆ ಫೋಟೊ ಬೇಕಾಯಿತು. ಪಾಂಡವಪುರದ ಸ್ಟುಡಿಯೋದವನು ಮದುವೆ ಆಲ್ಬಮ್ಮಿನ ಫೋಟೊದಿಂದ ನನ್ನೊಬ್ಬಳನ್ನು ಕತ್ತರಿಸಿ ತೆಗೆದ. ಕಂಪ್ಯೂಟರಿನಲ್ಲಿ ಹಣೆಯ ಕುಂಕುಮ ಅಳಿಸಿದ. ತಾಳಿ ಅಳಿಸಿದ. ತಲೆಯ ಹೂವು ಅಳಿಸಿದ. “ನಗು ಜಾಸ್ತಿ ಆಯ್ತು, ಏನ್ ಮಾಡ್ಲಿ ಅಣ್ಣ?” ಎಂದು ಸಂತೋಷನನ್ನು ಕೇಳಿದ. ಇಬ್ಬರೂ ಸೇರಿ ನಗುವನ್ನೂ ಸ್ವಲ್ಪ ಕಡಿಮೆ ಮಾಡಿದರು. ನಾನು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಅಲ್ಲೇ ಇದ್ದ ನನ್ನದೊಂದು ಫೋಟೊ ತೆಗೆದಿದ್ದರೆ ಮುಗಿಯುತ್ತಿತ್ತು. ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಅವಿರೋಧ ಆಯ್ಕೆಯಾಯಿತು. ಮನೆ ಮುಂದೆ ಪಟಾಕಿ ಹೊಡೆದರು. ಹಾರ ಹಾಕುವುದಕ್ಕೆ ಬೀದಿಯ ಹೆಂಗಸೊಬ್ಬಳನ್ನು ಕರೆದರು. ಅವಳು ಹತ್ತಿರ ಬಂದು, ನನಗೆ ಹಾರ ಹಾಕಬಹುದೋ ಬಾರದೋ ತಿಳಿಯದೆ ಅತ್ತೆಯ ಮುಖ ನೋಡಿದಳು. ಅತ್ತೆ ತಲೆ ತಗ್ಗಿಸಿದರು. ಪುಟ್ಟಸ್ವಾಮಿ ಹಾರ ಇಸಿದುಕೊಂಡು ಸಂತೋಷನ ಕೊರಳಿಗೆ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ರಮ್ಯ


ನಾಗಮಂಗಲ
15 ಡಿಸೆಂಬರ್ 2024

ರಮ್ಯ,

ನೀನೂ ತಟ್ಟಿದೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ಎಷ್ಟು ಸಲ ಓದಿದರೂ ಮುಂದೆ ಹೋಗಲಾಗಲಿಲ್ಲ. ನನಗೆ ಸಿಟ್ಟು ಬಂತು. ನಿನ್ನ ಮೇಲೋ ಅವರ ಮೇಲೋ ತಿಳಿಯದೆ ಒಂದು ವಾರ ಬರೆಯದೆ ಬಿಟ್ಟೆ.

ಅಮ್ಮ ಈಗ ನನ್ನ ಜೊತೆಗೇ ಇದ್ದಾಳೆ. ಹಾಸ್ಟೆಲಿನಲ್ಲಿದ್ದಾಗ ನಿನಗೆ ಹೇಳದ ಒಂದು ವಿಷಯವಿದೆ. ಆಗ ಅಮ್ಮ ದೇವಲಾಪುರದ ಕಡೆಯ ನಮ್ಮೂರಿನಲ್ಲಿ ಪಂಚಾಯಿತಿ ಮೆಂಬರ್. ನಮ್ಮ ಜಾತಿಯ ಹೆಂಗಸಿಗೆ ಎಂದು ಮೀಸಲಾದ ಸೀಟು. ಮೊದಲ ಮೀಟಿಂಗಿಗೆ ಅಪ್ಪ ಹೊಸ ಸೀರೆ ತಂದುಕೊಟ್ಟಿದ್ದ. ಹೋದರೆ ಕುರ್ಚಿಗಳೆಲ್ಲ ತುಂಬಿದ್ದವು. ಬಾಗಿಲ ಬಳಿ ಚಾಪೆ ಹಾಸಿದರು. ಮುಂದಿನ ಮೀಟಿಂಗಿಗೂ ಕುರ್ಚಿಗಳು ತುಂಬಿದ್ದವು. ಅವಧಿ ಮುಗಿಯುವವರೆಗೂ ತುಂಬಿಯೇ ಇದ್ದವು. ಇದನ್ನು ಹೇಳಿಕೊಳ್ಳುವುದು ಹೇಗೆ ಎಂದು ನಾನು ಸುಮ್ಮನಿದ್ದೆ.

ನಿನ್ನ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಬುಟ್ಟಿ ಖಾಲಿ ಮಾಡಿದಳು. ಆಮೇಲೆ, “ಅಷ್ಟ್ ವರ್ಸ ನಾನು ಒಂದ್ ಮಾತೂ ಆಡ್ನಿಲ್ಲ ಕಣವ್ವಾ” ಎಂದಳು. “ಚಾಪೆ ಮ್ಯಾಲೆ ಕೂರ್ಸಿದ್ರು, ಬಾಯೇನ್ ಕಟ್ಟಿರ್ನಿಲ್ಲ. ಆಡ್ಬೋದಾಗಿತ್ತು.” ಸಿಪ್ಪೆ ಬಾಚಿ ಮೊರಕ್ಕೆ ಹಾಕಿ, “ಆ ಉಡ್ಗಿಗೆ ಕುರ್ಚಿ ಆಕವ್ರಾ ಕೇಳು” ಎಂದಳು.

ಕುರ್ಚಿ ಇದೆಯಾ ರಮ್ಯ?

ಸ್ನೇಹ


ಹೊಸಕೊಪ್ಪಲು
27 ಜನವರಿ 2025

ಸ್ನೇಹ,

ನಿಮ್ಮಮ್ಮನಿಗೆ ಹೇಳು, ಕುರ್ಚಿ ಇದೆ. ಪ್ಲಾಸ್ಟಿಕ್ಕಿನದು, ಕೈ ಇರುವಂಥದ್ದು.

ನಮ್ಮ ಪಂಚಾಯಿತಿಯಲ್ಲಿ ಅರ್ಧ ಹೆಂಗಸರೇ. ಹೆಂಗಸರ ಸಾಲಿನ ಹಿಂದೆ ಗಂಡಂದಿರ ಸಾಲು. ಗಂಡ ಇಲ್ಲದ ನನ್ನ ಹಿಂದೆ ಮೈದುನ. ಪಿಡಿಒ ಮುಂದಿನ ಸಾಲಿಗೆ ಪ್ರಶ್ನೆ ಕೇಳುತ್ತಾರೆ, ಹಿಂದಿನ ಸಾಲಿನಿಂದ ಉತ್ತರ ಬರುತ್ತದೆ. ಕೈ ಎತ್ತಬೇಕಾದಾಗ ಸಂತೋಷ ಕುರ್ಚಿಯ ಬೆನ್ನನ್ನು ಮೆಲ್ಲಗೆ ತಟ್ಟುತ್ತಾನೆ. ಎತ್ತುತ್ತೇನೆ. ನಡುವೆ ಬೋಂಡ ಕೊಡುತ್ತಾರೆ.

ನಿನ್ನೆ ನಮ್ಮ ವಾರ್ಡಿನ ಅಂಗನವಾಡಿಯ ಹೊಸ ಕೋಣೆ ಶುರುವಾಯಿತು. ವಾರ್ಡಿನ ಮೆಂಬರ್ ದೀಪ ಹಚ್ಚಬೇಕು ಎಂದು ಮೈಕಿನಲ್ಲಿ ನನ್ನ ಹೆಸರು ಕರೆದರು. ಹೋಗಿ ಮೇಣದ ಬತ್ತಿ ಹಿಡಿದು ನಿಂತೆ. ಇನ್ನೊಬ್ಬ ಮೆಂಬರ್ ದೇವಯ್ಯ, ವಯಸ್ಸಾದವರು, “ಮುತ್ತೈದೇರು ಯಾರಾರ ಬನ್ನಿ, ಮೊದಲ್ ಬತ್ತಿ ಅವ್ರು ಅಚ್ಲಿ” ಎಂದರು. ಯಾರೋ ಒಬ್ಬಳು ಬಂದು ನನ್ನ ಕೈಯಿಂದ ಮೇಣದ ಬತ್ತಿಯನ್ನು ಮೆಲ್ಲಗೆ ಇಸಿದುಕೊಂಡಳು. ಪಾಪ, ಒರಟಾಗಿ ಕಿತ್ತುಕೊಳ್ಳಲಿಲ್ಲ. ಮೊದಲ ಬತ್ತಿ ಆಯಿತು, ಎರಡನೆಯದೂ ಆಯಿತು, ನನ್ನನ್ನು ಮತ್ತೆ ಕರೆಯುವುದು ಯಾರಿಗೂ ನೆನಪಾಗಲಿಲ್ಲ.

ನನಗೆ ಬೇಜಾರಾಗಲಿಲ್ಲ. ಅದನ್ನು ಬರೆಯುವುದಕ್ಕೇ ಈ ಕಾಗದ. ಬೇಜಾರಾಗಬೇಕಿತ್ತು. ಆಗುತ್ತದೇನೋ ಎಂದು ಕಾದೆ. ನೀರಿನ ಫಿಲ್ಟರಿನ ಪಕ್ಕ ನಿಂತು, ಅದರಿಂದ ಹನಿ ಬೀಳುವುದನ್ನು ನೋಡಿಕೊಂಡಿದ್ದೆ. ಮನೆಗೆ ನಡೆಯುವಾಗ, ಜೊತೆಗೆ ಬಂದಿದ್ದ ಚಿನ್ನು ಕೇಳಿದಳು, “ಮೈಕಲ್ಲಿ ನಿನ್ ಹೆಸ್ರೇ ಕರೆದ್ರಲ್ಲಮ್ಮ?”

ರಮ್ಯ


ನಾಗಮಂಗಲ
9 ಫೆಬ್ರುವರಿ 2025

ರಮ್ಯ,

ಬೇಜಾರಾಗಲಿಲ್ಲ ಎಂದು ಬರೆಯುವುದಕ್ಕೇ ಒಬ್ಬಳು ಕಾಗದ ಹಿಡಿದು ಕೂರುತ್ತಾಳೆ ಎಂದರೆ ಅವಳಿಗೆ ಏನೂ ಆಗಿಲ್ಲ ಎಂದು ನಾನು ನಂಬುವುದಿಲ್ಲ.

ಚಿನ್ನುವಿಗೆ ಏನು ಹೇಳಿದೆ? ಅದನ್ನು ಬರೆದಿಲ್ಲ.

ಸ್ನೇಹ


ಹೊಸಕೊಪ್ಪಲು
13 ಏಪ್ರಿಲ್ 2025

ಸ್ನೇಹ,

ಚಿನ್ನುವಿಗೆ ಏನೂ ಹೇಳಲಿಲ್ಲ. ಹಾಗಾಗಿ ನಿನಗೂ ಬರೆಯಲಾಗಲಿಲ್ಲ.

ಹೋದ ವಾರ ಇನ್ನೊಂದು ಗಾಡಿ ನಾಲೆಗೆ ಬಿತ್ತು. ಹಿಂದಿನ ಬೀದಿಯ ಹೆಂಗಸರು ಕಬ್ಬಿನ ತೋಟಕ್ಕೆ ಕಳೆ ಕೀಳಲು ಹೋಗುತ್ತಿದ್ದ ಗೂಡ್ಸ್ ಆಟೊ. ಇವರು ಬಿದ್ದ ತಿರುವಿನಲ್ಲಲ್ಲ, ಅದಕ್ಕಿಂತ ಕೆಳಗೆ, ಎರಡನೇ ತೂಬಿನ ಹತ್ತಿರ. ನಾಲೆಯಲ್ಲಿ ನೀರು ನಿಲ್ಲಿಸಿದ್ದರು. ನೀರಿದ್ದಿದ್ದರೆ ಒಬ್ಬರೂ ಉಳಿಯುತ್ತಿರಲಿಲ್ಲ. ಇಲ್ಲದ್ದರಿಂದ ಕೈಕಾಲು ಮುರಿದವು.

ಮಂಡ್ಯದ ಆಸ್ಪತ್ರೆಗೆ ಹೋಗಿದ್ದೆ. ಯಾರೂ ಹೋಗು ಎನ್ನಲಿಲ್ಲ. ಡೈರಿಯಿಂದ ಬಂದು, ಕ್ಯಾನ್ ತೊಳೆದಿಟ್ಟು, ಬಸ್ಸು ಹತ್ತಿದೆ. ಸಾಕಮ್ಮ ಎಂಬವಳಿಗೆ ತೋಳು ಎರಡು ಕಡೆ ಮುರಿದಿತ್ತು. ಅವಳ ಮಂಚದ ತುದಿಯಲ್ಲಿ ಕೂತು ಎಳನೀರು ಕುಡಿಸಿದೆ. ಅವಳು ಗಾಡಿಯವನನ್ನು ಬೈದಳು, ತೋಟದ ಮಾಲೀಕನನ್ನು ಬೈದಳು. ಆಮೇಲೆ, “ಪಂಚಾಯ್ತಿಯೋರು ಒಬ್ರಾರ ಇತ್ತಾಗ್ ತಲೆ ಆಕುದ್ರಾ ನೋಡಿ” ಎಂದಳು.

“ಹೌದು, ಯಾರೂ ಬರಲಿಲ್ಲ” ಎಂದೆ ನಾನು.

ವಾಪಸ್ಸು ಬರುವಾಗ ಬಸ್ಸು ಪಾಂಡವಪುರ ದಾಟಿತ್ತು, ಆಗ ನೆನಪಾಯಿತು, ಪಂಚಾಯಿತಿ ಮೆಂಬರ್ ನಾನೇ ಎಂದು. ಸಾಕಮ್ಮನಿಗೂ ಹೊಳೆದಿರಲಿಲ್ಲ, ನನಗೂ ನೆನಪಿರಲಿಲ್ಲ. ನಗು ಬಂದಂತಾಯಿತು. ಪಕ್ಕದಲ್ಲಿದ್ದ ಹೆಂಗಸು ನನ್ನ ಮುಖ ನೋಡಿ ಸ್ವಲ್ಪ ಸರಿದು ಕೂತಳು.

ಊರ ಸ್ಟಾಪಿನಲ್ಲಿ ಇಳಿಯದೆ ಮುಂದಿನ ಸ್ಟಾಪಿಗೆ ಹೋಗಿ ಏರಿಯ ಮೇಲೆ ನಡೆದುಬಂದೆ. ಇವರು ತೀರಿಕೊಂಡ ಮೇಲೆ ಆ ತಿರುವಿನಲ್ಲಿ ಕೆಂಪು ಬಟ್ಟೆ ಕಟ್ಟಿ ನಾಲ್ಕು ಗೂಟ ನೆಟ್ಟಿದ್ದರು. ಅವೂ ಇಲ್ಲ. ಯಾರೋ ಬೇಲಿಗೆ ಕಿತ್ತುಕೊಂಡು ಹೋಗಿದ್ದಾರೆ.

ರಮ್ಯ


ಹೊಸಕೊಪ್ಪಲು
25 ಮೇ 2025

ಸ್ನೇಹ,

ಇದನ್ನು ನೀನು ನಿಮ್ಮಮ್ಮನಿಗೆ ಓದಿ ಹೇಳಬೇಕು.

ಈ ತಿಂಗಳ ಮೀಟಿಂಗಿನಲ್ಲಿ ಯಾವ ಯಾವ ರಸ್ತೆಗೆ ಕಾಂಕ್ರೀಟು ಎಂದು ತೀರ್ಮಾನ ಆಗಬೇಕಿತ್ತು. ಸಂತೋಷ ಸೈಟು ಮಾಡಿರುವ ಕಡೆಗೆ ಒಂದು ರಸ್ತೆ ಬರೆಸಿದ್ದ. ಪಿಡಿಒ ಅದನ್ನು ಓದಿದಾಗ ನನ್ನ ಕುರ್ಚಿ ತಟ್ಟಿದ. ನಾನು ಕೈ ಎತ್ತಲಿಲ್ಲ. ಎದ್ದು ನಿಂತೆ.

“ನಾಲೆ ಏರಿಗೆ ತಡೆಗೋಡೆ ಬೇಕು ಅಂತ ಮೊದಲು ಬರ್ಕೊಳ್ಳಿ” ಎಂದೆ.

“ಅದು ನಮ್ಮ ವ್ಯಾಪ್ತಿಗೆ ಬರಲ್ಲ ಮೇಡಂ, ನಾಲೆ ಆಫೀಸಿನವರದು” ಎಂದರು ಪಿಡಿಒ.

“ಅವರಿಗೇ ಬರೀರಿ, ಪಂಚಾಯ್ತಿ ಕೇಳ್ತಾ ಇದೆ ಅಂತ.”

ಸಂತೋಷ ಬಗ್ಗಿ ನನ್ನ ಕಿವಿಯ ಹತ್ತಿರ ಹೇಳಿದ, “ಅತ್ಗೆ, ಕೂತ್ಕಳಿ. ಆ ಆಫೀಸಿನೋರೇ ನಂಗೆ ಕೆಲ್ಸ ಕೊಡೋದು. ಅವ್ರ ಮ್ಯಾಲೆ ಬರ್ಕೊಟ್ರೆ ನಾಳೀಕೆ ನಾನ್ ಯಾವ ಮಕ ಇಟ್ಕಂಡ್ ಓಗ್ಲಿ?”

ನಾನು ತಿರುಗಿ ಅವನನ್ನು ನೋಡಿದೆ. ಅಣ್ಣನದೇ ಮೂಗು. ಅಣ್ಣನ ಹಾಗೆಯೇ ಎಡ ಹುಬ್ಬು ಸ್ವಲ್ಪ ಮೇಲೆ. ಇಷ್ಟು ದಿನ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

“ಸಂತೋಷ, ಆಚೆ ಹೋಗಪ್ಪ” ಎಂದೆ. “ಇದು ಮೆಂಬರ್‌ಗಳ ಸಭೆ.”

ಆಮೇಲೆ ದೇವಯ್ಯ ಎಲ್ಲರಿಗೂ ಕೇಳುವಂತೆ, “ಗಂಡ ಸತ್ತ ಸಂಕಟ್ದಲ್ಲವ್ಳೆ, ಏನೋ ಆಡ್ತಾವ್ಳೆ. ಬುಡಿ” ಎಂದರು.

“ಗಂಡ ಸತ್ತಿದ್ದಕ್ಕೇ ತಾನೆ ನನ್ನ ಇಲ್ಲಿ ಕೂರಿಸಿರೋದು” ಎಂದೆ.

ನೀನು ನನ್ನ ದನಿ ನಡುಗಿರಬೇಕು ಎಂದುಕೊಳ್ಳುತ್ತೀಯ. ನಡುಗಲಿಲ್ಲ. ಡೈರಿಯಲ್ಲಿ ಹೆಸರು ಹೇಳಿ ಹಾಲು ಅಳೆಸುವಾಗ ಹೇಗೆ ಮಾತಾಡುತ್ತೇನೋ ಹಾಗೇ ಇತ್ತು. ಒಳಗೆ ಧೈರ್ಯವೂ ಇರಲಿಲ್ಲ, ಭಯವೂ ಇರಲಿಲ್ಲ. ಸಂತೋಷ ಎದ್ದು ಹೋದ. ಅವನ ಹಿಂದೆ ಒಬ್ಬ ಮೆಂಬರಿನ ಗಂಡ ಎದ್ದ. ಮತ್ತೊಬ್ಬ ಎದ್ದ. ಉಳಿದವರಿಗೆ ಕೂರುವುದಕ್ಕೆ ಸಂಕೋಚವಾಗಿ ಅವರೂ ಎದ್ದರು. ನನ್ನ ಪಕ್ಕದ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು, “ನಂದೂ ಒಪ್ಗೆ ಅದೆ, ಬರ್ಕಳಿ” ಎಂದಳು. ಆಮೇಲೆ ಎಲ್ಲ ಹೆಂಗಸರೂ. ಗೋಡೆ ಎಲ್ಲಿಂದ ಎಲ್ಲಿಗೆ ಎಂದು ಪಿಡಿಒ ಕೇಳಿದರು. “ಇನ್ನೆಲ್ಲಿ? ಶಿವಶಂಕ್ರ ಬಿದ್ದ ತಾವ” ಎಂದರು ದೇವಯ್ಯ, ಬೇಗ ಮುಗಿಯಲಿ ಎಂದು. ಬರೆದುಕೊಂಡರು. ಸೈನ್ ಹಾಕಿದೆ.

ಮನೆಯಲ್ಲಿ ಯಾರೂ ಬೈಯಲಿಲ್ಲ. ಸಂತೋಷ ನನ್ನ ಫೋನನ್ನು ಟಿವಿಯ ಪಕ್ಕ ಇಟ್ಟು ಹೋದ. ಮಾವ ಮಾತು ಬಿಟ್ಟರು. ವಾರ ಕಳೆದ ಮೇಲೆ ಹಿಂದಿನ ಕೋಣೆಗೆ ಒಂದು ಗ್ಯಾಸ್ ಒಲೆ ಬಂತು. “ನೀನೂ ಮಗೀನೂ ಇತ್ತಾಗೆ ಮಾಡ್ಕಳ್ರವ್ವಾ” ಎಂದರು ಅತ್ತೆ, ನನ್ನ ಮುಖ ನೋಡದೆ. ಆದರೂ ಸಂಜೆ ಒಂದು ಚೊಂಬು ಹಾಲು ಕಿಟಕಿಯಲ್ಲಿ ಇಟ್ಟಿರುತ್ತದೆ. ಇಟ್ಟವರನ್ನು ನಾನು ನೋಡುವುದಿಲ್ಲ, ನೋಡಬಾರದು ಎಂದೇ ಆಚೆ ಹೋಗಿರುತ್ತೇನೆ.

ಫೋನು ಬಂದರೂ ನಿನಗೆ ಬರೆಯುವುದೇ ರೂಢಿಯಾಗಿದೆ.

ಈಗ ಅಡುಗೆಮನೆ ನನ್ನದು. ನೀನು ಬಾ, ಅಮ್ಮನನ್ನೂ ಕರೆದುಕೊಂಡು ಬಾ. ಜಗಲಿ ದಾಟಿ ಒಳಗೆ ಬಾ. ಅವತ್ತು ನಾನು ಬಾಗಿಲಲ್ಲೇ ನಿಂತಿದ್ದೆ ಸ್ನೇಹ.

ರಮ್ಯ


ನಾಗಮಂಗಲ
16 ಜೂನ್ 2025

ರಮ್ಯ,

ನಿಮ್ಮನೆಯಿಂದ ಹೊರಟು ಊರು ಸೇರಿದೆವು. ದಾರಿಯುದ್ದಕ್ಕೂ ನಾನೂ ಅಮ್ಮನೂ ಜಗಳ. ನಾವು ಒಳಗೆ ಹೋಗುವುದನ್ನು ನಿಮ್ಮತ್ತೆ ನೋಡಿದರಲ್ಲ, ಏನೂ ಅನ್ನಲಿಲ್ಲ. ಹೊರಡುವಾಗ ಅಮ್ಮನಿಗೆ “ಮಳೆ ಬತ್ತದೆ, ಬಿರ್ನೆ ಓಗಿ” ಎಂದರು. ಅದು ಕಾಳಜಿಯೋ, ಸಾಗಹಾಕುವುದೋ? ಕಾಳಜಿ ಎನ್ನುತ್ತಾಳೆ ಅಮ್ಮ. ನಾನು ಒಪ್ಪಲಿಲ್ಲ. ಮಳೆಯಂತೂ ಬರಲಿಲ್ಲ.

ನಿನ್ನ ಬಸ್ಸಾರು ಹಾಸ್ಟೆಲಿನ ಸಾರಿಗಿಂತ ಚೆನ್ನಾಗಿದೆ. ಆದರೆ ಒಂದು ಮಾತು. ನೀನು ಈಗ ಮಾತಾಡುವಾಗ ಎದುರಿನವರ ಭುಜದಾಚೆ ಏನನ್ನೋ ನೋಡಿಕೊಂಡು ಮಾತಾಡುತ್ತೀಯ. ಚಿನ್ನು ಅದನ್ನು ಗಮನಿಸುತ್ತಾಳೆ. ನಿನಗೆ ಏನಾದರೂ ಹೇಳುವಾಗ ಒಂದು ಪಕ್ಕ ಸರಿದು ನಿನ್ನ ಕಣ್ಣಿನ ಎದುರಿಗೆ ಬಂದು ನಿಲ್ಲುತ್ತಾಳೆ.

ಪಂಚಾಯಿತಿ ಬರೆದದ್ದು ಆ ಆಫೀಸಿನ ಯಾವುದೋ ಬೀರುವಿನಲ್ಲಿ ಮಲಗಿರುತ್ತದೆ. ಹೋಗಿ ಎಬ್ಬಿಸು. ಒಬ್ಬಳೇ ಹೋಗಬೇಡ.

ಸ್ನೇಹ


ಹೊಸಕೊಪ್ಪಲು
28 ಸೆಪ್ಟೆಂಬರ್ 2025

ಸ್ನೇಹ,

ಬರೆಯುವುದು ತಡವಾಯಿತು. ಎಷ್ಟೋ ನಡೆಯಿತು.

ನೀನು ಹೇಳಿದ ಹಾಗೆ ಒಬ್ಬಳೇ ಹೋಗಲಿಲ್ಲ. ನಮ್ಮ ಹೆಂಗಸು ಮೆಂಬರ್‌ಗಳನ್ನು ಕರೆದುಕೊಂಡು ಎಂಜಿನಿಯರ್ ಆಫೀಸಿಗೆ ಅಲೆದೆ. ಇವತ್ತು ಬಾ, ಸೋಮವಾರ ಬಾ ಎಂದು ಎಷ್ಟೋ ಸಲ ಆಯಿತು. ಕೊನೆಗೆ ನಾಲೆಗೆ ನೀರು ಬಿಡುವ ಮೊದಲು ಗೋಡೆ ಕಟ್ಟಿದರು. ಸೊಂಟದೆತ್ತರ, ಹಳದಿ ಕಪ್ಪು ಪಟ್ಟೆ. ಡೈರಿಯಿಂದ ಬರುವಾಗ ಅದರ ಮೇಲೆ ಕೈ ಇಟ್ಟು ನೋಡಿದೆ. ಸಿಮೆಂಟು ತಣ್ಣಗಿತ್ತು. ಏನೂ ಅನ್ನಿಸಲಿಲ್ಲ. ಗೋಡೆ ಆದ ಮೇಲೆ ಏನಾದರೂ ಆಗುತ್ತದೆ ಎಂದು ನಾನು ಒಳಗೊಳಗೇ ಕಾದಿದ್ದೆ ಎಂದು ಆಗ ಗೊತ್ತಾಯಿತು.

ಹದಿನೈದು ದಿನದ ಹಿಂದೆ ಶಾಲೆಯ ಮೈದಾನದಲ್ಲಿ ಗ್ರಾಮಸಭೆ. ನಾನು ವೇದಿಕೆಯ ಮೇಲಿದ್ದೆ. ಪಿಡಿಒ ನನ್ನ ಹೆಸರು ಹೇಳಿ, ಇವರಿಂದಲೇ ತಡೆಗೋಡೆ ಆಯಿತು ಎಂದರು. ಅಲ್ಲೊಂದು ಇಲ್ಲೊಂದು ಚಪ್ಪಾಳೆ. ಆಗ ಹೆಂಗಸರ ಕಡೆಯಿಂದ ಸಾಕಮ್ಮ ಎದ್ದಳು. ಮಂಡ್ಯದ ಆಸ್ಪತ್ರೆಯಲ್ಲಿದ್ದವಳು. ಕೈ ಕೂಡಿದೆ, ಆದರೆ ನೆಟ್ಟಗೆ ಮೇಲೇಳುವುದಿಲ್ಲ.

“ಎಲ್ರೂ ಬಿದ್ದಿದ್ದು ನಾಲೆಗೇ ಅಲ್ವಾ?” ಎಂದಳು. “ನಿಮ್ ಯಜಮಾನ್ರು ಬಿದ್ದ ತಾವ ಗೋಡೆ ಎದ್ದದೆ. ನಾವ್ ಬಿದ್ದ ತಾವ ಏನದೆ? ಒಂದ್ ಬೇಲಿ ಗಿಡನೂ ಇಲ್ಲ. ನಮ್ಮನ್ನ ಆಸ್ಪತ್ರೇಲಿ ನೋಡ್ಕಂಡೋಗಿ ಇದಾ ನೀವ್ ಮಾಡಿದ್ದು? ಮೆಂಬ್ರಾಗಿ ನಿಮ್ಮನೆ ಗೋಡೆ ನೀವ್ ಕಟ್ಟಿಸ್ಕಂಡ್ರಿ, ಅಷ್ಟೇಯ.”

“ಏಯ್, ಕೂತ್ಕಳಮ್ಮಿ” ಎಂದರು ದೇವಯ್ಯ.

“ಮಾತಾಡ್ಲಿ ಬುಡಿ” ಎಂದೆ.

ಅವಳು ಮಾತಾಡಿದಳು. ಬಹಳ ಹೊತ್ತು ಮಾತಾಡಿದಳು. ಹಿಂದೆ ಬೈಕಿಗೆ ಒರಗಿ ನಿಂತಿದ್ದ ಸಂತೋಷ ನಗುತ್ತಿದ್ದ. ಎಲ್ಲಿ ಗೋಡೆ ಎಂದು ಬರೆಸಿದ್ದು ದೇವಯ್ಯ, ನಾನಲ್ಲ ಎಂದು ಹೇಳಬೇಕೆಂದು ಬಾಯಿಗೆ ಬಂತು. ಸೈನ್ ನನ್ನದೇ ಇತ್ತು. ಯೋಚಿಸದೆ ಹಾಕಿದ್ದೆ. ಸುಮ್ಮನಾದೆ.

ನನ್ನ ಕಿವಿ ಸುಡುತ್ತಿತ್ತು ಸ್ನೇಹ. ಎಷ್ಟು ಕೋಪ ಬಂತು ಅಂದರೆ, ನಿನ್ನ ಹತ್ತಿರ ಯಾಕೆ ಸುಳ್ಳು, ಅವಳ ಮೇಲೆಯೇ ಬಂತು. ಅಷ್ಟು ಅಲೆದಿದ್ದೇನೆ, ಮನೆಯಲ್ಲಿ ಒಲೆ ಬೇರೆಯಾಗಿದೆ, ಇವಳು ಹೀಗನ್ನಬಹುದಾ ಎಂದು. ಮನೆಗೆ ಬರುವಷ್ಟರಲ್ಲಿ ಕೋಪ ಇಳಿದು ನಾಚಿಕೆ ಹತ್ತಿತು. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಮುದ್ದೆ ಮುರಿದಿಟ್ಟೆ. ತಟ್ಟೆ ಸರಿಸಿದೆ.

“ಯಾಕಮ್ಮ, ಹುಷಾರಿಲ್ವಾ?” ಎಂದಳು ಚಿನ್ನು.

“ಬೇಜಾರಾಗಿದೆ ಕಣೆ” ಎಂದೆ. “ಎಲ್ಲರ ಮುಂದೆ ಬೈಸಿಕೊಂಡೆ.”

ಅವಳು ಹತ್ತಿರ ಬಂದು ಕೂತಳು.

ಬೆಳಗ್ಗೆ ಸಾಕಮ್ಮನ ಮನೆಗೆ ಹೋದೆ. ಗುಡಿಸುತ್ತಿದ್ದಳು. “ಬನ್ನಿ, ಆಫೀಸಿಗೆ ಹೋಗೋಣ. ನೀವು ಬಿದ್ದ ಜಾಗ ನೀವೇ ಹೇಳಿ” ಎಂದೆ. “ಇವತ್ತಿನ್ ಕೂಲಿ ಓಯ್ತದೆ” ಎಂದಳು. ಪೊರಕೆ ಮೂಲೆಗಿಟ್ಟು ಸೀರೆ ಬದಲಾಯಿಸಿಕೊಂಡು ಬಂದಳು. ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಮುಂದೆ ಹೋಗಿ ಕೂತಳು. ಕೋಪ ಹಾಗೇ ಇತ್ತು.

ಹೋದ ಕೆಲಸ ಆಯಿತು ಎಂದು ಮೊದಲೇ ಹೇಳಿಬಿಡುತ್ತೇನೆ, ನೀನು ಕಾಯುವುದು ಬೇಡ. ಮೊನ್ನೆ ಇಬ್ಬರು ಟೇಪು ಹಿಡಿದು ಬಂದು ಎರಡನೇ ತೂಬಿನವರೆಗೂ ಅಳೆದುಕೊಂಡು ಹೋದರು. ಮೊದಲ ಗೋಡೆಗೂ ಹೀಗೇ ಬಂದು ಅಳೆದಿದ್ದರು. ಇದೂ ಆಗುತ್ತದೆ, ಆಗದಿದ್ದರೆ ಸಾಕಮ್ಮ ಬಿಡುವುದಿಲ್ಲ. ಆದರೆ ನಾನು ಬರೆಯಬೇಕೆಂದಿದ್ದು ಅವತ್ತು ಆಫೀಸಿನಲ್ಲಿ ಆದದ್ದು.

ಎಂಜಿನಿಯರು ಬಂದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಈ ಸಲ ಸಾಕಮ್ಮ ನನ್ನ ಪಕ್ಕವೇ ಕೂರಬೇಕಾಯಿತು, ಬೇರೆ ಬೆಂಚಿರಲಿಲ್ಲ. ಆಟೊ ಉರುಳಿದ್ದು ಹೇಗೆ ಎಂದು ತನ್ನಷ್ಟಕ್ಕೆ ಹೇಳತೊಡಗಿದಳು, ಒಳಗೆ ಹೇಗೆ ಹೇಳಬೇಕು ಎಂದು ಅಭ್ಯಾಸ ಮಾಡುವವಳ ಹಾಗೆ. ಬೀಳುವಾಗ ಕೈಗೆ ಏನೂ ಸಿಗಲಿಲ್ಲವಂತೆ. ಹಿಡಿದುಕೊಳ್ಳಲು ಏನಾದರೂ ಸಿಕ್ಕಲಿ ಎಂದು ಕೈ ಚಾಚಿದಳಂತೆ, ಬರೀ ಗಾಳಿ. “ಚಾಚಿದ್ ಕೈಯೇ ಮುರ್ದಿದ್ದು” ಎಂದಳು.

ಇವರೂ ಕೈ ಚಾಚಿರಬೇಕು ಎಂದು ನನಗೆ ಅನ್ನಿಸಿತು. ಇಷ್ಟು ದಿನದಲ್ಲಿ ಒಂದು ಸಲವೂ ಅದು ನನ್ನ ತಲೆಗೆ ಬಂದಿರಲಿಲ್ಲ. ಕಾರನ್ನು ನೆನೆದಿದ್ದೆ, ನೀರನ್ನು ನೆನೆದಿದ್ದೆ. ಅವರ ಕೈಯನ್ನು ನೆನೆದಿರಲಿಲ್ಲ. ಅಳು ಬಂತು. ಸದ್ದಿಲ್ಲದ ಅಳುವಲ್ಲ. ಗುಮಾಸ್ತರು ತಲೆ ಎತ್ತಿ ನೋಡಿದರು, ಜವಾನ ನೀರು ತಂದು ನಿಂತ. ನನಗೆ ನಿಲ್ಲಿಸಲಾಗಲಿಲ್ಲ.

ಸಾಕಮ್ಮ ಸುಮ್ಮನೆ ನೋಡುತ್ತಿದ್ದಳು. ಅಳಬೇಡಿ ಎನ್ನಲಿಲ್ಲ, ಬೆನ್ನು ಸವರಲಿಲ್ಲ. ಹೊರಗೆ ಜೀಪು ನಿಂತ ಸದ್ದಾಯಿತು. ಅವಳು ನೆಟ್ಟಗಿರುವ ಕೈಯಿಂದ ನನ್ನ ತೋಳು ಹಿಡಿದು ಎಳೆದಳು.

“ಮಿಕ್ಕಿದ್ದು ಆಮ್ಯಾಕ್ ಅತ್ಕಳಿ ಕವ್ವಾ. ಸಾಯೇಬ್ರು ಬಂದ್ರು, ಏಳಿ.”

ಎದ್ದೆ.

ರಮ್ಯ